ನಮ್ಮನೆಯವರ ಎಡಗಾಲು

ನನಗೆ ವ್ಯಾನ್ ಓಡಿಸುವುದಕ್ಕೆ ಬರುವುದಿಲ್ಲ. ಸ್ಟೇರಿಂಗ್ ಮುಟ್ಟಿದವಳೂ ಅಲ್ಲ. ಆದರೆ ಕ್ಲಚ್ ಪ್ಲೇಟ್ ಎಲ್ಲಿರುತ್ತದೆ, ಅದು ಎಂಜಿನ್ನಿಗೆ ಯಾವಾಗ ಕಚ್ಚಿಕೊಳ್ಳುತ್ತದೆ, ಯಾವಾಗ ಜಾರುತ್ತದೆ, ಜಾರಿದರೆ ಎಂಥ ವಾಸನೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತಡವರಿಸದೆ ಹೇಳುತ್ತೇನೆ. ಎಂಬತ್ತರ ದಶಕದ ಮೊದಲ ಮೂರ್ನಾಲ್ಕು ವರ್ಷ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮುದ್ದೆ ಮುರಿಯುವಾಗ ಕ್ಲಚ್ಚು, ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕ್ಲಚ್ಚು, ನೆಂಟರು ಬಂದು ಇನ್ನೂ ಕಾಲು ತೊಳೆದಿಲ್ಲ, ಆಗಲೇ ಕ್ಲಚ್ಚು. ಕೇಳೀ ಕೇಳೀ ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಮೂರು ವರ್ಷದೊಳಗೆ ಆ ವ್ಯಾನಿನ ಕ್ಲಚ್ ಮೂರು ಸಲ ಸುಟ್ಟಿತು. ಮೂರು ಸಲವೂ ತಪ್ಪು ನಮ್ಮನೆಯವರ ಎಡಗಾಲಿನದು ಎಂದು ತೀರ್ಮಾನವಾಯಿತು.

ನಮ್ಮ ಊರು ಹುತ್ತೂರಿನ ಹತ್ತಿರ. ಒಂದಿಷ್ಟು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ. ಹುಳುವಿನ ಕೆಲಸ ನನ್ನದು. ನಮ್ಮ ಮಾವ ಎಪ್ಪತ್ತರ ದಶಕ ಮುಗಿಯುವವರೆಗೂ ಎತ್ತಿನ ಗಾಡಿಯನ್ನು ಬಾಡಿಗೆಗೆ ಹೊಡೆದವರು. ಕೋಲಾರಕ್ಕೆ ಸೊಪ್ಪು, ಶ್ರೀನಿವಾಸಪುರಕ್ಕೆ ಮಾವಿನಕಾಯಿ, ಯಾರ ಮನೆಯ ಮದುವೆಗಾದರೂ ಪಾತ್ರೆ, ಎಲ್ಲವೂ ಅವರ ಗಾಡಿಯಲ್ಲೇ ಹೋಗುತ್ತಿದ್ದವು. ಆ ಮೇಲೆ ರಸ್ತೆ ತುಂಬ ಟೆಂಪೋಗಳು ಬಂದವು. ಗಾಡಿಯನ್ನು ಕರೆಯುವವರು ಕಡಿಮೆಯಾದರು. ನಮ್ಮನೆಯವರು ಎರಡು ಸಲ ಎಸ್ಸೆಸ್ಸೆಲ್ಸಿ ಫೇಲಾಗಿ, ಮಾಲೂರಿನ ಹೆಂಚಿನ ಫ್ಯಾಕ್ಟರಿಯೊಂದರಲ್ಲಿ ಆರು ತಿಂಗಳು ಇದ್ದು ಓಡಿಬಂದು, ಯಾವುದೋ ಲಾರಿಯಲ್ಲಿ ಕ್ಲೀನರಾಗಿ ಸೇರಿ ಡ್ರೈವಿಂಗ್ ಕಲಿತಿದ್ದರು. ಅವರೇ ಹಟ ಹಿಡಿದು ಬೆಂಗಳೂರಿನ ಬೇಕರಿಯೊಂದರ ಹಳೇ ವ್ಯಾನನ್ನು ಮನೆಗೆ ತರಿಸಿದರು.

ಅದರ ಪಕ್ಕದಲ್ಲಿ ಒಂದು ದೊಡ್ಡ ಬ್ರೆಡ್ಡಿನ ಚಿತ್ರವಿತ್ತು. ನಮ್ಮನೆಯವರು ಮೇಲೆ ಎರಡು ಸಲ ಬಣ್ಣ ಬಳಿದರೂ ಬಿಸಿಲಿಗೆ ನಿಲ್ಲಿಸಿದರೆ ಬ್ರೆಡ್ಡು ಮತ್ತೆ ಎದ್ದು ಕಾಣುತ್ತಿತ್ತು. ಊರಿನವರು ಅದನ್ನು ‘ಬನ್ ವ್ಯಾನು’ ಎಂದು ಕರೆದರು. ಎಡಗಡೆಯ ಬಾಗಿಲಿಗೆ ಹಗ್ಗ. ಕ್ಲಚ್ ಒತ್ತಿದಾಗಲೆಲ್ಲ ಕೆಳಗಿನಿಂದ ಕಿರ್ರ್ ಎಂದು ಕಿರುಚಾಟ. ಕೋಲಾರದ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಸಾಬರು ನೋಡಿ, “ಬೇರಿಂಗ್ ಸವೆದಿದೆ ಅಷ್ಟೇ. ಸದ್ದು ಮಾಡ್ಲಿ ಬಿಡಿ, ಓಡ್ತದೆ” ಎಂದಿದ್ದರು. ಕೆಲವು ದಿನಗಳಲ್ಲಿ ಆ ಕಿರುಚಾಟ ತಾನಾಗಿಯೇ ನಿಂತಿತು. ಹೊಸ ಮನೆಗೆ ಹೊಂದಿಕೊಂಡಿತು ಅಂತ ನಾವೆಲ್ಲ ಖುಷಿಪಟ್ಟೆವು. ನಮ್ಮ ಬುದ್ಧಿಗಿಷ್ಟು.

ಮೊದಲ ಸಲ ಪ್ಲೇಟ್ ಹೋದದ್ದು ಮಾವಿನ ಕಾಲದಲ್ಲಿ. ಯಲ್ದೂರಿನ ತೋಟವೊಂದರಿಂದ ಕಾಯಿ ತುಂಬಿಕೊಂಡು ಶ್ರೀನಿವಾಸಪುರದ ಮಂಡಿಗೆ ಹೊರಟಿದ್ದ ವ್ಯಾನು ದಾರಿಯಲ್ಲಿ ನಿಂತುಬಿಟ್ಟಿತು. ಎಂಜಿನ್ ಮಾತ್ರ ಊರೆಲ್ಲ ಕೇಳುವ ಹಾಗೆ ಕೂಗುತ್ತದಂತೆ, ಚಕ್ರ ಮಿಸುಕುವುದಿಲ್ಲವಂತೆ. ಸಾಬರು ಬಿಚ್ಚಿ ನೋಡಿ ನಮ್ಮನೆಯವರಿಗೆ ಬೆರಳು ತೋರಿಸಿ, “ಹಾಫ್ ಕ್ಲಚ್, ಭಾಯ್, ಹಾಫ್ ಕ್ಲಚ್! ಪೆಡಲ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಿ ನೀವು” ಎಂದರು. ಪಕ್ಕದಲ್ಲೇ ನಿಂತಿದ್ದ ಮಾವನ ಕಿವಿಗೆ ಅದು ಬಿತ್ತು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ.

ಆ ದಿನದಿಂದ ಮಾವ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುವುದನ್ನು ಬಿಟ್ಟು ಮಗನ ಎಡಗಾಲು ನೋಡತೊಡಗಿದರು.

“ಲೇ, ಕಾಲು ತೆಗ್ಯೋ.”

“ತೆಗ್ದಿದೀನಿ ಕಣಪ್ಪ.”

“ಎಲ್ಲಿ ತೆಗ್ದಿದೀಯ? ಹೆಬ್ಬೆರಳು ಅದರ ಮೇಲೇ ಇದೆ.”

ಹುತ್ತೂರಿನಿಂದ ಕೋಲಾರದವರೆಗೂ ಇದೇ. ಎದುರಿಗೆ ಬಸ್ಸು ಬಂದರೂ ಇದೇ. ಎತ್ತಿನ ಗಾಡಿ ಹೊಡೆಯುವಾಗ ಮಾವನ ಸ್ವಂತ ಕಾಲು ಎತ್ತಿನ ತೊಡೆಸಂದಿಯಿಂದ ಆಚೆ ಬಂದದ್ದನ್ನು ಯಾರೂ ಕಂಡವರಿಲ್ಲ. ಹೆಬ್ಬೆರಳಿನಿಂದ ತಿವಿಯುತ್ತಲೇ ಇಪ್ಪತ್ತು ವರ್ಷ ಹೊಡೆದವರು. ಇದನ್ನು ಅವರಿಗೆ ಹೇಳುವವರು ಯಾರು? ನಾನಂತೂ ಹೇಳುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಸೊಸೆ ಮಾವನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಮಾವ ಮೂರು ಮೊಳ ದೂರದಲ್ಲಿ ಕೂತಿದ್ದರೂ ನಾನು ಅತ್ತೆಯ ಕಡೆ ತಿರುಗಿ, “ಅತ್ತೆ, ಮಾವನಿಗೆ ಎದ್ದು ಕೈತೊಳ್ಕೊಳೋಕೆ ಹೇಳಿ” ಎನ್ನಬೇಕು. ಅತ್ತೆ ಅದನ್ನೇ ಇನ್ನೊಂದು ಸಲ ಹೇಳಬೇಕು. ಮಾವನ ಉತ್ತರವೂ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಸಾರಿಗೆ ಉಪ್ಪು ಕಡಿಮೆ ಎಂಬ ಸಮಾಚಾರ ನನಗೆ ತಲುಪುವ ಹೊತ್ತಿಗೆ ಊಟ ಮುಗಿದಿರುತ್ತಿತ್ತು.

ಅತ್ತೆ ಮುಳಬಾಗಿಲು ಕಡೆಯವರು, ಅರ್ಧ ತೆಲುಗು ಅರ್ಧ ಕನ್ನಡ. ಅವರ ಲೆಕ್ಕದಲ್ಲಿ ಇದು ಕಾಲಿನ ತಪ್ಪಲ್ಲ, ಕಣ್ಣಿನ ತಪ್ಪು. “ದಿಷ್ಟಿ ತಗಿಲಿಂದಿ”, ಯಾರದೋ ಕಣ್ಣು ಬಿದ್ದಿದೆ, ಎಂದು ಹೇಳಿ ಕ್ಲಚ್ ಪೆಡಲ್ಲಿಗೇ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಅದು ಮಾರನೆಯ ದಿನ ಬಿಚ್ಚಿಕೊಂಡು ಪೆಡಲ್ಲಿನ ಕೆಳಗೆ ಉರುಳಿತು. ಕ್ಲಚ್ ಪೂರ್ತಿ ಒತ್ತಲಾಗದೆ ಗೇರ್ ಹಾಕಿದಾಗ ಆದ ಸದ್ದಿಗೆ ಕಟ್ಟೆಯ ಮೇಲೆ ಮಲಗಿದ್ದ ನಾಯಿಗಳೆಲ್ಲ ಎದ್ದು ಓಡಿದವು. ಆ ತಪ್ಪೂ ನಮ್ಮನೆಯವರದೇ ಆಯಿತು.

ಎರಡನೇ ಸಲ ಲಕ್ಕೂರಿನಿಂದ ಟೊಮೆಟೊ ಹೇರಿಕೊಂಡು ಮಾಲೂರಿಗೆ ಹೋಗುವಾಗ. ಈ ಸಲ ಸಾಬರು ಬಿಚ್ಚಿದರೆ ಪ್ಲೇಟಿನ ತುಂಬ ಕಪ್ಪಗೆ ಎಣ್ಣೆ. ಎಂಜಿನ್ನಿನ ಆಯಿಲ್ ಸೀಲ್ ಹೋಗಿರಬೇಕೆಂದು ಅದನ್ನೂ ಬದಲಾಯಿಸಿದರು. ನಮ್ಮನೆಯವರಿಗೆ ಉಸಿರು ಬಂದಂತಾಯಿತು. ಮನೆಗೆ ಬಂದವರೇ, “ನೋಡಪ್ಪ, ಎಣ್ಣೆ ಸೋರಿದ್ದು. ನನ್ನ ಕಾಲಲ್ಲ” ಎಂದರು. ಮಾವ ತಿರುಗಿ ಕೇಳಿದರು: “ಪ್ಲೇಟ್ ಕಾದ್ರೆ ಸೀಲ್ ಕರಗ್ದೆ ಇರ್ತದಾ? ಕಾಯ್ಸಿದ್ದು ಯಾರು?”

ನಾನು ಬಾಗಿಲ ಹಿಂದೆ ನಿಂತು ಹಲ್ಲು ಕಡಿದೆ. ನಮ್ಮನೆಯವರು ಮಾತ್ರ ತುಟಿ ಬಿಚ್ಚಲಿಲ್ಲ. ಆಮೇಲೂ ಬಿಚ್ಚಲಿಲ್ಲ. ಮೊದಲ ಸಲ ವಾದ ಮಾಡಿದ್ದ ಮನುಷ್ಯ ಎರಡನೇ ಸಲದ ನಂತರ ಯಾರು ಏನೆಂದರೂ ಸುಮ್ಮನೆ ತಲೆ ಬಗ್ಗಿಸುತ್ತಿದ್ದರು. ಹುತ್ತೂರಿನ ಟೀ ಅಂಗಡಿಯಲ್ಲಿ ಅವರಿಗೆ ‘ಕ್ಲಚ್ ತಿನ್ನೋನು’ ಅಂತ ಹೆಸರು ಬಿತ್ತು. “ಏನ್ಲಾ, ಇವತ್ತು ತಿಂಡಿಗೆ ಪ್ಲೇಟು ಇಡ್ಲಿನೋ, ಬರೀ ಪ್ಲೇಟೋ?” ಎಂದು ಕೇಳುತ್ತಿದ್ದರಂತೆ. ಅದಕ್ಕೂ ನಕ್ಕು ಬರುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಷ್ಟು ಸಾಲದು ಎಂಬಂತೆ ಮುಳಬಾಗಿಲಿನಿಂದ ನಾದಿನಿಯ ಗಂಡ ಬಂದರು. ಐದು ವರ್ಷದಿಂದ ಗಲ್ಫ್ ಕಡೆ ಹೋಟೆಲ್ಲೊಂದರ ವ್ಯಾನ್ ಓಡಿಸುತ್ತಿದ್ದವರು, ರಜಕ್ಕೆ ಬಂದಿದ್ದರು. ಜಗಲಿಯ ಮೇಲೆ ಕೂತು, ಸೆಂಟಿನ ವಾಸನೆ ಹರಡುತ್ತ, ಒಂದೇ ಮಾತು ಹೇಳಿದರು: “ಅಲ್ಲಿ ಕ್ಲಚ್ಚೇ ಇಲ್ಲ, ಮಾವ.”

“ಇಲ್ಲ ಅಂದ್ರೆ?” ಎಂದರು ಮಾವ.

“ಆಟೋಮ್ಯಾಟಿಕ್. ಎರಡೇ ಪೆಡಲ್ಲು. ಒಂದು ಹೋಗೋಕೆ, ಒಂದು ನಿಲ್ಲೋಕೆ. ಗೇರ್ ಅದೇ ಹಾಕ್ಕೊಳ್ತದೆ. ಎಡಗಾಲು ಮಡಚಿಟ್ಕೊಂಡು ಕೂತ್ರೆ ಆಯ್ತು.”

ಎಡಗಾಲು ಮಡಚಿಟ್ಟುಕೊಂಡು! ಮಾವನ ಮುಖ ಅರಳಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಎಡಗಾಲಿಗೆ ಕೆಲಸವೇ ಇಲ್ಲದ ಡ್ರೈವರು ಅವರ ಕಣ್ಣೆದುರೇ ಕೂತಿದ್ದಾನೆ, ಅದೂ ಸ್ವಂತ ಅಳಿಯ. ಅವತ್ತೇ ತೀರ್ಮಾನ ಹೇಳಿಬಿಟ್ಟರು. “ಇನ್ನೊಂದ್ಸಲ ಪ್ಲೇಟ್ ಸುಟ್ರೆ ವ್ಯಾನು ಮುಳಬಾಗಿಲಿಗೆ. ಅಳಿಯಂದ್ರು ಇನ್ನು ಆ ದೇಶಕ್ಕೆ ಹೋಗೋದು ಬೇಡ, ಇಲ್ಲೇ ಓಡಿಸ್ಲಿ. ಇವನು ಬೇಸಾಯ ನೋಡ್ಕೊಳ್ಲಿ.”

ಬೇಸಾಯ! ನಮ್ಮನೆಯವರು ನೇಗಿಲು ಹಿಡಿದರೆ ಸಾಲು ಸೊಟ್ಟ, ಸೊಪ್ಪು ಕೊಯ್ದರೆ ಬೆರಳೂ ಕೊಯ್ದುಕೊಳ್ಳುತ್ತಾರೆ. ಓದಿನಲ್ಲಿ ಸೋತವರು, ಫ್ಯಾಕ್ಟರಿಯಲ್ಲಿ ಸೋತವರು. ಆ ಹಗ್ಗ ಕಟ್ಟಿದ ಬಾಗಿಲಿನ ವ್ಯಾನಿನಲ್ಲಿ ಕೂತಾಗ ಮಾತ್ರ ಅವರು ಶಿಳ್ಳೆ ಹಾಕುತ್ತಿದ್ದರು. ಮದುವೆಯಾದ ಮೇಲೆ ಅವರು ಶಿಳ್ಳೆ ಹಾಕಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ವ್ಯಾನು ಹೋದರೆ ಈ ಮನುಷ್ಯ ಬದುಕಿಯೂ ಇಲ್ಲದಂತಾಗುತ್ತಾರೆ ಎಂದು ನನಗೆ ಗೊತ್ತಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಅಳಿಯಂದಿರ ಕೈಗುಣ ನೋಡಲು ಮಾರನೆಯ ದಿನ ಬೆಳಗ್ಗೆ ವ್ಯಾನನ್ನು ಅವರಿಗೆ ಕೊಟ್ಟರು. ಐದು ವರ್ಷ ಕೆಲಸವಿಲ್ಲದೆ ಕೂತ ಎಡಗಾಲು ಕ್ಲಚ್ ಎಂಬುದನ್ನೇ ಮರೆತಿತ್ತು. ಹೊರಟಾಗ ವ್ಯಾನು ಕಪ್ಪೆಯ ಹಾಗೆ ಮೂರು ಸಲ ಹಾರಿ ಆಫಾಯಿತು. ನಿಲ್ಲಿಸುವಾಗ ಕ್ಲಚ್ ಒತ್ತದೆ ಬ್ರೇಕ್ ಒತ್ತಿದರು, ಮಾವನ ಹಣೆ ಮುಂದಿನ ಗಾಜಿಗೆ ಬಡಿಯಿತು. ತಿಪ್ಪೆಯ ಹತ್ತಿರ ತಿರುಗಿಸುವಾಗ ಮತ್ತೆರಡು ಸಲ ನಿಂತಿತು. ಸದ್ಯ, ಸತ್ಯ ಬಯಲಾಯಿತಲ್ಲ ಎಂದು ನಾನು ಒಳಗೇ ಹಿಗ್ಗುತ್ತಿದ್ದರೆ ಮಾವ ಹಣೆ ಉಜ್ಜಿಕೊಳ್ಳುತ್ತ ಇಳಿದು, “ಇವನು ಕೆಡಿಸಿಟ್ಟಿರೋ ಕ್ಲಚ್ಚು, ಪಾಪ, ಅಳಿಯಂದ್ರು ಏನು ಮಾಡ್ತಾರೆ?” ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಮ್ಮನೆಯವರು ಬಟ್ಟೆ ತಂದು ಗಾಜಿನ ಮೇಲಿನ ಹಣೆಯ ಗುರುತು ಒರೆಸತೊಡಗಿದರು.

ಇದೇ ದಿನಗಳಲ್ಲಿ ನನಗೆ ಇನ್ನೊಂದು ತಲೆನೋವು ಇತ್ತು. ನಮ್ಮ ಮನೆಯ ಹರಳೆಣ್ಣೆಯನ್ನು ನಾನೇ ತೆಗೆಯುತ್ತಿದ್ದೆ. ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಮತ್ತೆ ಕಾಯಿಸಿ ಗಡಿಗೆಗೆ ತುಂಬಬೇಕು. ಸೊಂಟ ಬಿದ್ದುಹೋಗುವ ಕೆಲಸ. ಸ್ವಲ್ಪ ಮೈಮರೆತರೆ ಎಣ್ಣೆ ಸೀದು ಗಂಟಲಿಗೆ ಹಿಡಿಯುವ ಒಂದು ಘಾಟು ಬರುತ್ತದೆ. ಇಷ್ಟು ಕಷ್ಟಪಟ್ಟು ತುಂಬಿಸಿದ ಗಡಿಗೆಯಲ್ಲಿ ಎಣ್ಣೆ ವಾರ ವಾರಕ್ಕೂ ಇಳಿಯುತ್ತಿತ್ತು. ನಾನು ಹಚ್ಚಿದ್ದಿಲ್ಲ, ಉರಿಸಿದ್ದಿಲ್ಲ. ಗುಟ್ಟಾಗಿ ಕಡ್ಡಿ ಇಳಿಸಿ ಅಳೆದೂ ನೋಡಿದೆ. ಅತ್ತೆಯೇ ಮುಳಬಾಗಿಲಿನ ಮಗಳಿಗೆ ಕಳಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಕೇಳಿದರೆ ರಂಪ, ಕೇಳದಿದ್ದರೆ ಸಂಕಟ. ಹಾಗಾಗಿ ಕೇಳದೆ, ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಕುಕ್ಕುತ್ತ ಕಾಲ ಕಳೆದೆ. ಅತ್ತೆಯೂ ಸ್ವಲ್ಪ ಜೋರಾಗಿಯೇ ಕುಕ್ಕಿದರು. ನಾನೇ ತವರಿಗೆ ಸಾಗಿಸುತ್ತಿದ್ದೇನೆಂದು ಅವರು ತಿಳಿದಿದ್ದರಂತೆ, ಆಮೇಲೆ ಗೊತ್ತಾಯಿತು.

ಮೂರನೇ ಪ್ಲೇಟು ಹಾಕಿಸಿ ವರ್ಷ ತುಂಬಿರಲಿಲ್ಲ. ಆ ಸಲ ನನ್ನ ಹುಳು ಚೆನ್ನಾಗಿ ಬಂದಿದ್ದವು. ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು, ಹಣ್ಣಾಗಿ, ಚಂದ್ರಿಕೆಯ ಬಿದಿರು ತಟ್ಟಿಯ ತುಂಬ ಗೂಡು ಕಟ್ಟಿದ್ದವು. ಗೂಡು ಬಿಡಿಸಿ ಚೀಲಗಳಿಗೆ ತುಂಬಿ ಕೋಲಾರದ ಮಾರುಕಟ್ಟೆಗೆ ಬೆಳಗ್ಗೆಯೇ ತಲುಪಿಸಬೇಕು. ಹೊತ್ತಾದರೆ ಹರಾಜು ಮುಗಿಯುತ್ತದೆ, ಬಿಸಿಲಿಗೆ ಗೂಡು ಬೆವರುತ್ತದೆ. ಅತ್ತೆಗೆ ಜ್ವರ ಬಂದು ಮಲಗಿದ್ದರಿಂದ, ಚೀಲ ನೋಡಿಕೊಳ್ಳುವುದಕ್ಕೆ ಮೊದಲ ಸಲ ನಾನು ವ್ಯಾನು ಹತ್ತಿದೆ. ಹಿಂದುಗಡೆ ಚೀಲಗಳ ನಡುವೆ ನಾನು, ಮುಂದೆ ನಮ್ಮನೆಯವರು ಮತ್ತು ಅವರ ಎಡಗಾಲನ್ನು ಕಾಯುತ್ತ ಮಾವ.

ಊರು ದಾಟಿದರೆ ಕೆರೆ. ರಸ್ತೆ ಒಮ್ಮೆಗೇ ಮೇಲೆದ್ದು ಕೆರೆ ಏರಿಯ ಮೇಲೆ ಹತ್ತುತ್ತದೆ. ಅಲ್ಲಿ ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಕೂಗತೊಡಗಿತು. ವ್ಯಾನು ಮಾತ್ರ ಮೆಲ್ಲಗಾಗಿ, ಮೆಲ್ಲಗಾಗಿ, ನಿಂತು, ಹಿಂದಕ್ಕೆ ಜಾರತೊಡಗಿತು. ನಮ್ಮನೆಯವರು ಬ್ರೇಕ್ ಒತ್ತಿ ಹಿಡಿದರು.

“ನೋಡ್ದಾ? ನೋಡ್ದಾ?” ಎಂದು ಮಾವ ಇಳಿದೇಬಿಟ್ಟರು. “ಈರುಳ್ಳಿ ಮೂಟೆ ಅಲ್ಲ, ಕಲ್ಲಲ್ಲ, ಗೂಡು ಕಣೋ! ಹತ್ತಿ ಇದ್ದಂಗೆ ಇದೆ! ಇದಕ್ಕೂ ಸುಟ್ಯಲ್ಲೋ!”

ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ಎಮ್ಮೆ ತೊಳೆಯುತ್ತಿದ್ದವರು ಎಲ್ಲ ಮೇಲೆ ಬಂದರು. ಟೀ ಅಂಗಡಿಯ ಗೆಳೆಯರಲ್ಲೂ ಇಬ್ಬರು ಇದ್ದರು. ನಮ್ಮನೆಯವರು ಚಕ್ರಕ್ಕೆ ಕಲ್ಲು ಕೊಟ್ಟು ನಿಂತು ನೆಲ ನೋಡುತ್ತಿದ್ದರು. ಮಾವ ಎಲ್ಲರಿಗೂ ಕೇಳುವಂತೆ, “ಆಯ್ತು, ಮುಗೀತು. ಇವತ್ತೇ ಮುಳಬಾಗಿಲಿಗೆ ಹೇಳಿ ಕಳಿಸ್ತೀನಿ. ಅಳಿಯಂದ್ರು ಬಂದು ತಗೊಂಡೋಗ್ಲಿ” ಎಂದರು.

ಅಷ್ಟು ಹೊತ್ತಿಗೆ ನೆಲಹಲಗೆಯ ಸಂದಿಯಿಂದ ಹೊಗೆ ಬಂತು. ಕ್ಲಚ್ ಸುಟ್ಟ ವಾಸನೆ ಎಂದು ಎಲ್ಲರೂ ಮೂಗು ಮುಚ್ಚಿದರು. ಹುಳು ಸಾಕುವವಳ ಮೂಗು ಬೇರೆ. ಸಾಕುವ ಕೋಣೆಗೆ ಯಾರಾದರೂ ಬೀಡಿ ಸೇದಿ ಬಂದರೆ, ಸೀಮೆಎಣ್ಣೆ ಮುಟ್ಟಿ ಬಂದರೆ ಹುಳು ಮೇವು ಬಿಡುತ್ತವೆ. ಹತ್ತು ವರ್ಷದಿಂದ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಮೂಸಿ ಒಳಗೆ ಬಿಟ್ಟವಳು ನಾನು. ಆ ಹೊಗೆ ಗಂಟಲಿಗೆ ಹಿಡಿದ ಕೂಡಲೇ ಗೊತ್ತಾಯಿತು. ಇದು ನನ್ನ ಗಡಿಗೆಯ ಹರಳೆಣ್ಣೆ ಸೀದ ಘಾಟು. ಅದರ ಜೊತೆಗೆ ಸುಟ್ಟ ಹುಲ್ಲಿನ ಮಸಿಯ ವಾಸನೆಯೂ ಇತ್ತು. ಹರಳೆಣ್ಣೆಗೆ ಹುಲ್ಲಿನ ಮಸಿ ಕಲಸಿದರೆ ಅದು ಕೀಲೆಣ್ಣೆ. ಗಾಡಿಯ ಅಚ್ಚಿಗೆ ಬಿಡುವಂಥದ್ದು. ಅದನ್ನು ಕಲಸುವವರು ನಮ್ಮ ಮನೆಯಲ್ಲಿ ಒಬ್ಬರೇ.

ಮಧ್ಯೆ ಹೇಳುವುದಕ್ಕೆ ಅತ್ತೆ ಇರಲಿಲ್ಲ. ಇದ್ದಿದ್ದರೂ ಕಾಯುವ ತಾಳ್ಮೆ ನನಗಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದೆ.

“ಮಾವ, ಕ್ಲಚ್ಚಿಗೆ ಕೀಲೆಣ್ಣೆ ಬಿಟ್ಟಿದ್ದೀರಾ?”

ಸೊಸೆ ಮಾವನನ್ನು ನೇರವಾಗಿ ಕೇಳಿದ್ದೇ ಮೊದಲು, ಅದೂ ನಾಲ್ಕು ಜನರ ಎದುರು. ಮಾವ ಅಭ್ಯಾಸಬಲದಿಂದ ಅತ್ತೆಗಾಗಿ ಆಚೀಚೆ ನೋಡಿದರು. ಅತ್ತೆ ಇಲ್ಲದ್ದು ನೆನಪಾಗಿ ವ್ಯಾನಿನ ಕಡೆ ತಿರುಗಿ, ವ್ಯಾನಿಗೇ ಹೇಳುವಂತೆ ಹೇಳಿದರು.

“ಹೂಂ, ಬಿಡ್ತೀನಿ. ಬಿಡ್ದೆ ಇನ್ನೇನು? ತಂದಾಗ ಕಿರ್ರೋ ಅಂತಿರ್ಲಿಲ್ವಾ? ಕಿರುಗುಟ್ಟೋ ಗಾಡಿ ಹೊಡ್ಕೊಂಡು ಊರೊಳಗೆ ಹೋಗೋಕಾಗ್ತದಾ? ಕೆಳಗೆ ಒಂದು ರಬ್ಬರ್ ಮುಚ್ಚಳ ಐತೆ, ಅದನ್ನ ಸರಿಸಿ ಕೋಳಿಪುಕ್ಕದಲ್ಲಿ ಬಿಟ್ರೆ ಸದ್ದು ನಿಲ್ತದೆ. ವಾರಕ್ಕೊಂದ್ಸಲ ಬಿಡ್ತೀನಿ.” ವ್ಯಾನಿನ ಮೈ ಸವರುತ್ತ, “ಇವತ್ತು ನಿನ್ನ ಗೂಡು ಹೋಗ್ಬೇಕು ಅಂತ ಎರಡು ಸಲ ಬಿಟ್ಟೆ” ಎಂದರು.

ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ನಕ್ಕರು. ಆಮೇಲೆ ಏರಿಯ ತುಂಬ ನಗು. ನನಗೆ ನಗು ಬರಲಿಲ್ಲ. ಮೂರು ವರ್ಷ! ಮೂರು ವರ್ಷ ಈ ಮನುಷ್ಯ ನನ್ನ ಎಣ್ಣೆ ಕದ್ದು, ನನ್ನ ಗಂಡನ ಕ್ಲಚ್ಚಿಗೆ ಹಚ್ಚಿ, ಆಮೇಲೆ ಪಕ್ಕದಲ್ಲಿ ಕೂತು ಅವರ ಕಾಲನ್ನು ಬೈದಿದ್ದಾರೆ.

ನಕ್ಕವರೇ ಕೈಹಾಕಿ ವ್ಯಾನನ್ನು ಏರಿ ಹತ್ತಿಸಿದರು. ಮಾವನೂ ಭುಜ ಕೊಟ್ಟು ತಳ್ಳಿದರು. ಏರಿ ದಾಟಿದ ಮೇಲೆ ರಸ್ತೆ ಸಮ, ನಡೆಯುವ ವೇಗದಲ್ಲಿ ಓಡಿಸಿಕೊಂಡು ಕೋಲಾರ ಸೇರಿದೆವು. ಹರಾಜಿನ ಕೊನೆಯ ಹೊತ್ತು, ಗೂಡು ಹೇಗೋ ಮಾರಾಟವಾಯಿತು. ಅಲ್ಲಿಂದ ಗ್ಯಾರೇಜು. ಸಾಬರು ಬಿಚ್ಚಿ ನೋಡಿ ಕರೀ ಬೆರಳನ್ನು ಮೂಸಿ ಹುಬ್ಬು ಗಂಟಿಕ್ಕಿದರು. ವಿಷಯ ಕೇಳಿದ ಮೇಲೆ ತಲೆ ಚಚ್ಚಿಕೊಂಡರು. “ಯಾ ಅಲ್ಲಾ! ಯಜಮಾನ್ರೇ, ಕ್ಲಚ್ ಅನ್ನೋದು ಹಿಡ್ಕೊಳೋಕೆ ಇರೋದು. ಎಣ್ಣೆ ಬಿಟ್ರೆ ಜಾರ್ತದೆ. ಜಾರಿದ್ರೆ ಸುಡ್ತದೆ.”

ಮಾವ ಆ ಕಪ್ಪು ಪ್ಲೇಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಗ್ಯಾರೇಜಿನಲ್ಲಿದ್ದ ಅಷ್ಟೂ ಡ್ರೈವರುಗಳ ಮುಂದೆ, “ಸಾಬರೇ, ಇವನದಲ್ಲ ತಪ್ಪು. ನಂದು. ಮೂರು ಸಲಾನೂ ನಂದೇ” ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ‘ನಂದು ತಪ್ಪು’ ಎಂಬ ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಗೆದ್ದೆ ಅನ್ನಿಸಿತು. ನಮ್ಮನೆಯವರ ಕಡೆ ನೋಡಿದೆ, ಈಗಲಾದರೂ ಎದೆ ಸೆಟೆಸಿ ನಿಂತಾರು ಎಂದು. ಅವರು ಟೂಲ್ ಬಾಕ್ಸಿನೊಳಗೆ ಏನನ್ನೋ ಹುಡುಕುತ್ತಿದ್ದರು.

ವ್ಯಾನು ನಮ್ಮ ಮನೆಯಲ್ಲೇ ಉಳಿಯಿತು. ಮುಳಬಾಗಿಲಿಗೆ ಯಾರೂ ಹೇಳಿ ಕಳಿಸಲಿಲ್ಲ, ಅಳಿಯಂದಿರು ರಜ ಮುಗಿಸಿ ಕ್ಲಚ್ ಇಲ್ಲದ ದೇಶಕ್ಕೆ ವಾಪಸ್ಸು ಹೋದರು. ಟೀ ಅಂಗಡಿಯವರು ನಮ್ಮನೆಯವರಿಗಿಟ್ಟ ಅಡ್ಡಹೆಸರನ್ನು ಬಿಟ್ಟರು. ಇಷ್ಟೆಲ್ಲ ನನ್ನಿಂದಾಯಿತಲ್ಲ, ಒಂದು ಒಳ್ಳೆಯ ಮಾತು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ದಿನ ನಮ್ಮನೆಯವರು ನನ್ನ ಜೊತೆ ಮಾತೇ ಆಡಲಿಲ್ಲ. ಬಡಿಸಿದ್ದನ್ನು ಉಂಡು ಎದ್ದುಹೋಗುತ್ತಿದ್ದರು.

ನಾಲ್ಕನೆಯ ದಿನ ಬೆಳಗ್ಗೆ ಹಿತ್ತಲಲ್ಲಿ ಹುಳುವಿನ ತಟ್ಟೆಗಳನ್ನು ತೊಳೆಯುತ್ತಿದ್ದೆ. ಅವರು ತೊಳೆದ ತಟ್ಟೆಗಳನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದರು, ಬಾಯಿ ಹೊಲಿದುಕೊಂಡು. ನನ್ನ ತಾಳ್ಮೆ ಮುಗಿಯಿತು. ಕೈಯಲ್ಲಿದ್ದ ತಟ್ಟೆ ಎಸೆದು, “ಏನು ನಿಮ್ಮದು? ನಾನೇನು ಮಾಡ್ಬಾರದ್ದು ಮಾಡ್ದೆ?” ಎಂದೆ.

“ಅಷ್ಟು ಜನದ ಮುಂದೆ ಕೇಳ್ಬೇಕಿತ್ತೇನೇ?”

“ಅಷ್ಟು ಜನದ ಮುಂದೆ ಅವರು ನಿಮ್ಮನ್ನ ಬಯ್ಬೋದಾ?”

“ಬೈದ್ರೆ ಬೈಲಿ. ನಂಗೆ ಅಭ್ಯಾಸ.” ಅವರು ಮುಂಬಾಗಿಲಿನ ಕಡೆ ಕೈ ತೋರಿಸಿದರು. “ಮೂರು ದಿನ ಆಯ್ತು, ಅಪ್ಪ ವ್ಯಾನಿನ ಹತ್ರ ಬಂದಿಲ್ಲ. ಜಗಲಿ ಮೇಲೆ ಆಕಡೆ ಮುಖ ಮಾಡ್ಕೊಂಡು ಕೂತವ್ರೆ. ಗಾಡಿ ಹೋದ್ಮೇಲೆ ಅವರಿಗೆ ಅಂತ ಉಳಿದಿದ್ದು ಅದೊಂದೇ ಕೆಲಸ ಕಣೇ. ವಾರ ವಾರ ಎದ್ದ ತಕ್ಷಣ ಪುಕ್ಕ ಹಿಡ್ಕೊಂಡು ಕೆಳಗೆ ತೂರೋರು. ಒಂದೊಂದ್ಸಲ ಎತ್ತಿನ ಜೊತೆ ಮಾತಾಡಿದಂಗೆ ಅದರ ಜೊತೆ ಮಾತಾಡೋರು.”

ನಾನು ಕೈಯಲ್ಲಿದ್ದ ನೀರನ್ನು ಒರೆಸಿಕೊಳ್ಳುವುದನ್ನೂ ಮರೆತು ಅವರನ್ನೇ ನೋಡಿದೆ.

“ನಿಮಗೆ ಗೊತ್ತಿತ್ತಾ?”

“ಮಾಲೂರಿನದು ಆದ್ಮೇಲೆ ಒಂದಿನ ಕಣ್ಣಿಗೆ ಬಿತ್ತು.”

“ಗೊತ್ತಿದ್ದೂ ಸುಮ್ನಿದ್ರಾ? ವ್ಯಾನು ಮುಳಬಾಗಿಲಿಗೆ ಹೋಗ್ತಿತ್ತಲ್ಲ!”

“ಆದಷ್ಟು ಎಣ್ಣೆ ಒರೆಸ್ತಿದ್ದೆ. ಅವರು ಹೊಲದ ಕಡೆ ಹೋದಾಗ ಬಟ್ಟೆ ಹಾಕಿ ಒರೆಸಿ ಬರ್ತಿದ್ದೆ. ಆವತ್ತು ಎರಡು ಸಲ ಬಿಡ್ತಾರೆ ಅಂತ ನಂಗೇನು ಗೊತ್ತು?”

ಹೀಗೆ ಹೇಳಿ ಇನ್ನೊಂದು ತಟ್ಟೆಯನ್ನು ಗೋಡೆಗೆ ಒರಗಿಸಿದರು. ಊರೆಲ್ಲ ಕ್ಲಚ್ ತಿನ್ನೋನು ಎಂದು ನಕ್ಕಾಗ, ಅಪ್ಪ ಕಾಲು ಬೈದಾಗ, ಅಳಿಯಂದಿರು ಜಗಲಿಯ ಮೇಲೆ ಮೆರೆದಾಗ, ನಾನು ಬಾಗಿಲ ಹಿಂದೆ ಹಲ್ಲು ಕಡಿದಾಗ, ಆಗೆಲ್ಲ ಈ ಮನುಷ್ಯನಿಗೆ ಗೊತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಳುವೂ ಬಂತು, ಅದನ್ನು ತೋರಿಸಿಕೊಳ್ಳಲಿಲ್ಲ.

“ನನ್ನ ಹತ್ರಾನಾದ್ರೂ ಹೇಳ್ಬೋದಿತ್ತಲ್ಲ?”

ಅವರು ಮೂರು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.

“ಹೇಳಿದ್ರೆ ನೀನು ಸುಮ್ನಿರ್ತಿದ್ದಾ?”

ಇರುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎಸೆದ ತಟ್ಟೆಯನ್ನು ಎತ್ತಿಕೊಂಡು ಮತ್ತೆ ತೊಳೆಯತೊಡಗಿದೆ.